ತಿಪ್ಪಾಂಬಿಕಾ ರಾಣಿಯ ಬೇಸಿಗೆ ಅರಮನೆ

ಸಿಂದಗಿ ತಾಲೂಕಿನ ಕರಿಮಡ್ಡಿ ಪಟ್ಟಣದಲ್ಲಿ ನೋಡತಕ್ಕ ಸ್ಥಳ ಒಂದೂ ಇರಲಿಲ್ಲವಾದ್ದರಿಂದ, ಅವುಗಳ ಪ್ರಚಾರಕ್ಕಾಗಿ ೧೯೭೪ನೆಯ ಇಸವಿಯಲ್ಲಿ ಒಂದು ಪ್ರವಾಸಿ ಪ್ರಚಾರ ಮಂಡಳಿಯನ್ನು ಸ್ಥಾಪಿಸಲಾಯಿತು. ಹತ್ತಿ ಜಿನ್ನಿನ ಮಾಲೀಕರಾದ ರಾವಸಾಬರು ಅಧ್ಯಕ್ಷರಾದರು. ಒಮ್ಮೆ ಅಜಂತಾಕ್ಕೆ ಹೋಗಿ, ಅಂದು ರಜೆಯೆಂದು ತಿಳಿದು ಹಾಗೇ ತಿರುಗಿ ಬಂದ ಅನುಭವವಿದ್ದ ಗುರಲಿಂಗಪ್ಪನವರು ಕಾರ್ಯದರ್ಶಿಯಾದರು. ಮೊದಲ ಸಭೆಯಲ್ಲೇ ಊರಿಗೆ ಒಂದು ಅರಮನೆ ಇರತಕ್ಕದ್ದೆಂದು ಸರ್ವಾನುಮತದ ಠರಾವು ಆಯಿತು. ಅದರ ಫೋಟೋ ತೆಗೆಯಲು ಇಂಡಿಯಿಂದ ಖಾಜಾಸಾಬ ಎಂಬ ಫೋಟೋಗ್ರಾಫರನನ್ನು ಕರೆಸಲಾಯಿತು.

ಖಾಜಾಸಾಬ ಇಳಿಹೊತ್ತಿನ ತನಕ ಅರಮನೆ ಹುಡುಕಿದ. ಸಿಗಲಿಲ್ಲ. ಗಂಟಲು ಒಣಗಿ, ಪಡುವಣ ಓಣಿಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದ ದುರ್ಗವ್ವನ ಮನೆಯಲ್ಲಿ ಎರಡು ತಂಬಿಗೆ ಮಜ್ಜಿಗೆ ಕುಡಿದ. ಆಕೆಯ ಮನೆಯ ಗೋಡೆ ಹೊಟ್ಟೆ ಉಬ್ಬಿಸಿಕೊಂಡು, ಇವತ್ತು ಬೀಳಲೋ ನಾಳೆ ಬೀಳಲೋ ಎಂಬಂತೆ ನಿಂತಿತ್ತು. ಇಳಿಬಿಸಿಲು ಅದರ ಮೇಲೆ ಬಹಳ ಚೆನ್ನಾಗಿ ಬಿದ್ದಿತ್ತು. ಮಜ್ಜಿಗೆಯ ಋಣ ತೀರಿಸಿದಂತಾಗಲಿ ಎಂದು ಅದರದೇ ಒಂದು ಫೋಟೋ ಹೊಡೆದು ಆತ ಇಂಡಿ ಬಸ್ಸು ಹತ್ತಿದ.

ಹದಿನೈದು ದಿನಕ್ಕೆ ಐದು ಸಾವಿರ ಕರಪತ್ರ ಅಚ್ಚಾಗಿ ಬಂದವು. ಗುರಲಿಂಗಪ್ಪನವರು ದುರ್ಗವ್ವನಿಗೂ ಒಂದನ್ನು ಗೌರವಪೂರ್ವಕ ಕೊಟ್ಟರು. ಆಕೆ ಅದನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

“ಇದು ನಮ್ಮ ಮನಿ ಅಲ್ಲೇನ್ರಿ ಸಾಹೇಬ್ರ?”

“ಇತ್ತು. ಈಗ ರಾಣಿಯ ಬೇಸಿಗಿ ಅರಮನಿ ಅಂತ ಛಾಪಿಸೇವಿ.”

“ಯಾವ ರಾಣಿರಿ? ನಮ್ಮ ಮಾವ ಕಟ್ಟಿಸಿದ್ದು. ಇದರಾಗ ಬಾಳೇವು ಮಾಡಿದಾಕಿ ನಮ್ಮ ಅತ್ತಿ ತಿಪ್ಪವ್ವ.”

“ಚಲೋ ಆತು ನೋಡವ್ವ,” ಎಂದು ಗುರಲಿಂಗಪ್ಪ ಜೇಬಿನಿಂದ ಪೆನ್ನು ತೆಗೆದರು. “ಇತಿಹಾಸ ಉಪಸಮಿತಿ ರಾಣಿ ಹೆಸರಿಗಾಗೇ ಹುಡುಕ್ಯಾಡಾಕತ್ತಿತ್ತು.”

ಹೀಗೆ ತಿಪ್ಪಾಂಬಿಕಾ ಮಹಾರಾಣಿಯವರು ಚರಿತ್ರೆಗೆ ಸೇರಿದರು.

“ತಪ್ಪಾಗಿ ಛಾಪಾಗೇತಿ ಅಂತ ಒಂದ್ ಚೀಟಿ ಹಚ್ಚಿಬಿಡ್ರಲ್ಲ,” ಎಂದಳು ದುರ್ಗವ್ವ.

“ಐದು ಸಾವಿರ ಕಾಗದ ಕೂಡಿ ತಪ್ಪಾಗಿರಾಕ ಸಾಧ್ಯ ಇಲ್ಲವ್ವ. ಮನಿ ಒಂದ ಐತಿ. ತಪ್ಪು ಇದ್ದರ ಅದರದ ಇರಬೇಕು.”

ದುರ್ಗವ್ವ ಇದಕ್ಕೆ ನಕ್ಕು ಸುಮ್ಮನಾಗಿಬಿಡುತ್ತಿದ್ದಳೋ ಏನೋ. ಆದರೆ ಕೊಲ್ಹಾರಕ್ಕೆ ಕೊಟ್ಟ ಮಗಳು ಸಾವಿತ್ರವ್ವ ಚೊಚ್ಚಲ ಹೆರಿಗೆಗೆ ಬಂದಿದ್ದಳು. ದಿನ ತುಂಬುವುದು ನಡುಮಳೆಗಾಲಕ್ಕೆ. ಅಷ್ಟರೊಳಗೆ ಗೋಡೆ ಎತ್ತಿಸಿ, ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿಸಿ, ಬಾಣಂತಿಗೆ ಒಂದು ಬೆಚ್ಚನೆಯ ಮೂಲೆ ಮಾಡಬೇಕೆಂದು ಆಕೆ ಎರಡು ವರ್ಷ ಕೌದಿ ಹೊಲಿದು ಗಳಿಸಿದ ದುಡ್ಡನ್ನು ಎತ್ತಿಟ್ಟಿದ್ದಳು. ಗೌಂಡಿ ನಬಿಲಾಲ ಬಂದು ಕರಣೆ ಎತ್ತುವುದಕ್ಕೂ ಮಂಡಳಿಯ ಸಿಪಾಯಿ ಬಂದು ಬಾಗಿಲಿಗೆ ನೋಟೀಸು ಹಚ್ಚುವುದಕ್ಕೂ ಸರಿಹೋಯಿತು:

“ಈ ಮೂಲಕ ತಿಳಿಸುವುದೇನೆಂದರೆ, ಸದರಿ ಅರಮನೆಯ ರೂಪವು ಕರಪತ್ರದಲ್ಲಿನ ರೂಪಕ್ಕೆ ತಾಳೆಯಾಗತಕ್ಕದ್ದು. ಗೋಡೆಯನ್ನು ನೆಟ್ಟಗೆ ಮಾಡುವುದು ಶಿಕ್ಷಾರ್ಹ. ದರ್ಶನದ ವೇಳೆ ಹತ್ತರಿಂದ ಐದು. ಆ ಅವಧಿಯಲ್ಲಿ ನಿವಾಸಿಗಳು ಒಲೆ ಹಚ್ಚತಕ್ಕದ್ದಲ್ಲ, ಕೆಮ್ಮತಕ್ಕದ್ದಲ್ಲ. ಸೋಮವಾರ ಅರಮನೆಗೆ ವಾರದ ರಜೆ. ಅಂದು ಯಾರೂ ಒಳಗೆ ಇರತಕ್ಕದ್ದಲ್ಲ.”

ನಬಿಲಾಲ ಅದನ್ನು ಎರಡು ಸಲ ಓದಿ ಕರಣೆಯನ್ನು ಚೀಲಕ್ಕೆ ಹಾಕಿದ. “ಮುಂದ ಬಿದ್ದರ ನನ್ನ ಕೇಳಬ್ಯಾಡವ್ವ. ನೆಟ್ಟಗ ನಿಂತರೂ ನನ್ನ ಕೇಳಬ್ಯಾಡ.”

ದುರ್ಗವ್ವ ಅರ್ಜಿ ಬರೆಸಿದಳು. ಅರ್ಜಿಯಲ್ಲಿ ‘ನನ್ನ ಮನೆ’ ಎಂದು ಬರೆದದ್ದರಿಂದ, ಅಂಥ ಆಸ್ತಿ ಊರಲ್ಲಿ ಕಂಡುಬರುವುದಿಲ್ಲವೆಂಬ ಷರಾ ಬರೆದು ವಾಪಸು ಕಳಿಸಿದರು. ‘ಅರಮನೆ’ ಎಂದು ತಿದ್ದಿಸಿ ಒಯ್ದಳು. ಅರಮನೆಯ ದುರಸ್ತಿ ಕೇಳಲು ರಾಣಿಯವರ ಸಹಿ ಬೇಕು ಎಂದರು.

ಆಷಾಢದ ಒಂದು ಸೋಮವಾರ ಬೆಳಗಿನಿಂದ ಮಳೆ ಹಿಡಿಯಿತು. ನಿಯಮದ ಪ್ರಕಾರ ತಾಯಿ ಮಗಳು ಎದುರುಮನೆಯ ಕಟ್ಟೆಯ ಮೇಲೆ ಗೋಣಿಚೀಲ ಹೊದ್ದು ಕೂತಿದ್ದರು. ಮೂರು ಗಂಟೆಯ ಸುಮಾರಿಗೆ ಅರಮನೆಯು ದಪ್ಪೆಂದು ಕೂತುಕೊಂಡಿತು. ಒಲೆ, ಕಾಳಿನ ಗಡಿಗೆ, ಮೊಮ್ಮಗುವಿಗೆಂದು ಹಳೇ ಇಳಕಲ್ ಸೀರೆಯ ತುಂಡು ಕೂಡಿಸಿ ಹೊಲಿದಿದ್ದ ಸಣ್ಣ ಕೌದಿ, ಎಲ್ಲ ಮಣ್ಣಿನಡಿ ಹೋಗಿದ್ದವು. ಕೊಡೆ ಹಿಡಿದು ಓಡಿಬಂದ ರಾವಸಾಬರು ನೋಡಿ ಕಣ್ಣೊರೆಸಿಕೊಂಡರು.

“ವಾರದ ರಜಾ ಇಟ್ಟಿದ್ದಕ್ಕ ಜೀವ ಉಳದೂ ನೋಡವ್ವ. ಮಂಡಳಿ ಇರೂದ ಅದಕ್ಕ,” ಎಂದರು.

ದುರ್ಗವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಸಾವಿತ್ರವ್ವ ಸೊಂಟ ಹಿಡಿದುಕೊಂಡು ಚೀರಿದಳು.

ಓಣಿಯಲ್ಲಿ ಸೋರದ ಮನೆ ಒಂದೂ ಇರಲಿಲ್ಲ. ಊರಲ್ಲಿ ಒಣಗಿದ ನೆಲ ಇದ್ದದ್ದು ಮಂಡಳಿ ಹೊಸದಾಗಿ ಕಟ್ಟಿಸಿದ ಪ್ರವಾಸಿ ಮಂದಿರದಲ್ಲಿ ಮಾತ್ರ. ಪ್ರವಾಸಿಗರು ಯಾರೂ ಬಾರದ್ದರಿಂದ ಅದರ ಮಂಚದ ಮೇಲಿನ ಹಾಸಿಗೆ ಸಹ ಇನ್ನೂ ಬಿಚ್ಚಿರಲಿಲ್ಲ. ಎತ್ತಿನ ಗಾಡಿಯಲ್ಲಿ ಮಗಳನ್ನು ಮಲಗಿಸಿ, ಸೂಲಗಿತ್ತಿ ಹುಲಿಗೆವ್ವನನ್ನು ಕೂಡಿಸಿಕೊಂಡು ದುರ್ಗವ್ವ ಅಲ್ಲಿಗೆ ಹೋದಳು. ಗುರಲಿಂಗಪ್ಪ ಬೀಗದ ಕೈ ಹಿಡಿದು ಬಾಗಿಲಿಗೆ ಅಡ್ಡ ನಿಂತರು.

“ಹೊರ ಊರಿನ ಪ್ರವಾಸಿಗಳಿಗೆ ಅಷ್ಟವ್ವ. ನಿಯಮ ಹನ್ನೆರಡು.”

“ನನ್ನ ಮಗಳು ಕೊಲ್ಹಾರದಾಕಿರಿ.”

“ತವರಿಗೆ ಬಂದಾಕಿ ಪ್ರವಾಸಿ ಆಗಂಗಿಲ್ಲ. ಆಕಿ ಈ ಊರು ನೋಡ್ಯಾಳ.”

ಗಾಡಿಯಲ್ಲಿ ಸಾವಿತ್ರವ್ವ ಮತ್ತೊಮ್ಮೆ ಚೀರಿದಳು. ದುರ್ಗವ್ವನಿಗೆ ಕಾರ್ಯದರ್ಶಿಯ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಇಷ್ಟು ದಿನ ಅರ್ಜಿ ಹಿಡಿದು ಅಲೆದು ಆಕೆಗೆ ಒಂದು ಭಾಷೆ ಬಂದಿತ್ತು.

“ಹೊಟ್ಯಾಗಿನದು ನೋಡಿಲ್ಲಲ್ರಿ,” ಎಂದಳು ತಣ್ಣಗೆ. “ಅದು ಈಗ ಮೊದಲನೇ ಸಲ ಬರಾಕತ್ತೈತಿ. ಪ್ರವಾಸಿ ಬಂದ್ರ ಬಾಗಿಲಾ ತೆಗೀಬಾರ್ದು ಅಂತ ಎಲ್ಲ್ಯರೆ ಬರದೈತೇನು? ತೋರಸ್ರಿ.”

ಗುರಲಿಂಗಪ್ಪ ನಿಯಮಾವಳಿಯನ್ನು ಮೊದಲಿಂದ ಕಡೆಯವರೆಗೆ ತಿರುವಿದರು. ಬರೆದಿರಲಿಲ್ಲ. ಅವರು ಬೀಗ ತೆಗೆದು, ದಾಖಲೆ ಪುಸ್ತಕ ಬಿಚ್ಚಿ, ಮೇಜಿನ ಮುಂದೆ ಕೂತರು. ಒಳಗೆ ಹುಲಿಗೆವ್ವ ಬಿಸಿನೀರು ಕೇಳುತ್ತಿದ್ದಳು. ಹೊರಗೆ ಅವರು ಬರೆಯುತ್ತಿದ್ದರು. ಪ್ರವಾಸಿಗರ ಹೆಸರು: ಇಟ್ಟಿಲ್ಲ. ಬಂದ ಉದ್ದೇಶ: ತಿಳಿಸಿಲ್ಲ. ಸಾಮಾನು: ಇಲ್ಲ. ಆಗಮನದ ವೇಳೆ ಐದು ಗಂಟೆ ಹತ್ತು ನಿಮಿಷ ಎಂದು ಬರೆದು, ಅದರಡಿ ಸಂತೋಷದಿಂದ ಎರಡು ಗೆರೆ ಎಳೆದರು. ಮಂಡಳಿಯ ಮೊದಲ ಪ್ರವಾಸಿ, ಗಂಡು, ಗಟ್ಟಿಯಾಗಿ ಅಳುತ್ತಿದ್ದ.

ಪ್ರವಾಸಿಗೆ ಇಬ್ಬರು ಪರಿಚಾರಕರನ್ನು ಜೊತೆಗಿಟ್ಟುಕೊಳ್ಳಲು ನಿಯಮ ಹದಿನಾಲ್ಕರಲ್ಲಿ ಅವಕಾಶವಿತ್ತು. ತಾಯಿ ಮಗಳು ಪರಿಚಾರಕರಾದರು. ಪ್ರವಾಸಿ ಹೊರಡುವ ಇಚ್ಛೆ ತೋರದ್ದರಿಂದ ವಾಸ್ತವ್ಯವನ್ನು ತಿಂಗಳಿಗೊಮ್ಮೆ ವಿಸ್ತರಿಸಲಾಯಿತು. ರಾವಸಾಬರು ದಿನಾ ಬೆಳಿಗ್ಗೆ ತೊಟ್ಟಿಲ ಮುಂದೆ ಕೈಮುಗಿದು, ಊರು ಹೇಗನ್ನಿಸಿತೆಂದು ವಿಚಾರಿಸುವರು. ನಿದ್ದೆ ಮಾಡುತ್ತಿದ್ದರೆ ‘ತೃಪ್ತಿಕರ’ ಎಂದೂ, ಅಳುತ್ತಿದ್ದರೆ ‘ಭಾವುಕರಾದರು’ ಎಂದೂ ದಾಖಲಾಗುತ್ತಿತ್ತು. ಬಿದ್ದ ಮನೆಯ ಮಣ್ಣನ್ನು ಮುಟ್ಟಲು ದುರ್ಗವ್ವನಿಗೆ ಮಾತ್ರ ಪರವಾನಗಿ ಸಿಗಲಿಲ್ಲ. ಎರಡನೆಯ ಕರಪತ್ರದಲ್ಲಿ ಅದು ‘ಅರಮನೆಯ ಅವಶೇಷ’ ಎಂದು ಬಡ್ತಿ ಪಡೆದಿತ್ತು.

ಸುದ್ದಿ ಓಣಿಗೆ ಹಬ್ಬಿತು. ಅಗರಖೇಡಕ್ಕೆ, ನಾಲತವಾಡಕ್ಕೆ, ಬಾಗೇವಾಡಿಗೆ ಕೊಟ್ಟ ಹೆಣ್ಣುಮಕ್ಕಳು ಹೆರಿಗೆಗೆ ಬಂದವರು ನೇರ ಪ್ರವಾಸಿ ಮಂದಿರಕ್ಕೇ ಬರತೊಡಗಿದರು. ದೀಪಾವಳಿ ಹೊತ್ತಿಗೆ ಪ್ರವಾಸಿಗರ ಸಂಖ್ಯೆ ಐದಕ್ಕೇರಿ, ಪಡಸಾಲೆಯಲ್ಲೂ ತೊಟ್ಟಿಲು ಕಟ್ಟಬೇಕಾಯಿತು. ಪ್ರತಿ ಪ್ರವಾಸಿಯನ್ನೂ ಮೊದಲು ಕೈಯಲ್ಲಿ ಹಿಡಿದುಕೊಳ್ಳುವವಳು ಆಕೆಯೇ ಆದ್ದರಿಂದ, ಹುಲಿಗೆವ್ವನನ್ನು ಮಂಡಳಿಯ ಸ್ವಾಗತಾಧಿಕಾರಿಯಾಗಿ ನೇಮಿಸಲಾಯಿತು.

ಮರುತಿಂಗಳು ಈ ಪ್ರಗತಿಯನ್ನು ಅಭ್ಯಾಸ ಮಾಡಲು ಮುದ್ದೇಬಿಹಾಳದ ಕಡೆಯಿಂದ ಒಂದು ತಂಡ ಬಂತು. ಕರಿಮಡ್ಡಿಯಲ್ಲಿ ಪ್ರವಾಸಿಗಳಿಗೆ ಹಿಡಿಸುವಂಥದು ಏನಿದೆ ಎಂದು ಅವರು ಹಿರಿಯ ಪರಿಚಾರಕಿಯನ್ನು ಕೇಳಿದರು. ದುರ್ಗವ್ವ ಮೊಮ್ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು.

“ಬರೂವಾಗ ಎಲ್ಲಾರೂ ಅಳಕೋತನ ಬಂದಾರ್ರಿ,” ಎಂದಳು. “ಆದ್ರ ಬಂದವರು ಒಬ್ಬರೂ ಹೊಳ್ಳಿ ಹೋಗ್ತೇನಿ ಅಂದಿಲ್ಲ.”

ತಂಡದವರು ಅದನ್ನು ಅಕ್ಷರಶಃ ಬರೆದುಕೊಂಡರು.