ಐನೂರರಲ್ಲಿ ಒಂದು ಕಿರುಚಾಟ

“ಇವತ್ತಿನಿಂದ ಈ ಮನೇಲಿ ಯಾರೂ ಹೆದರಕೂಡದು! ಲೆಕ್ಕ ಹಾಕಬೇಕು!”

ಭಾನುವಾರ ಬೆಳಗ್ಗೆ ಹೀಗೆ ಅಪ್ಪಣೆ ಹೊರಡಿಸಿದವರು ಸಂಭವ ಮೇಷ್ಟ್ರು. ಕಾಲೇಜಿನಲ್ಲಿ ಸಂಭವನೀಯತೆಯ ಪಾಠ ಮಾಡಿ ಮಾಡಿ ಹುಡುಗರಿಂದ ಸಂಪಾದಿಸಿದ ಬಿರುದು ಅದು. ಮನೆಯಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿರಲಿಲ್ಲ, ಪಾಪ!

ಹಜಾರದಲ್ಲಿ ಕೂತಿದ್ದ ಅವರ ತಾಯಿ ಕೇಳಿ ನಕ್ಕರು. ಹೆಂಡತಿಗೆ ತಲೆಯೆತ್ತಲೂ ಪುರುಸೊತ್ತಿರಲಿಲ್ಲ. ಮದುಮಗಳೊಬ್ಬಳ ಉಡುಪನ್ನು ಸಂಜೆಯೊಳಗೆ ಕೊಡಬೇಕಿತ್ತು. ಇಷ್ಟು ದಿನ ದಿಂಬಿನ ಗವಸು, ಪರದೆ ಹೊಲಿದುಕೊಂಡಿದ್ದವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಇದೊಂದು ಒಪ್ಪವಾಗಿ ಬಂದರೆ ಊರೇ ತನ್ನನ್ನು ಹುಡುಕಿಕೊಂಡು ಬರುತ್ತದೆಂದು ಅವಳ ಆಸೆ. ಬೆಳಕಿರುವ ಕೋಣೆಯನ್ನು ಮೇಷ್ಟ್ರು ‘ಚಿಂತನೆ’ಗೆಂದು ಹಿಡಿದುಕೊಂಡಿದ್ದರಿಂದ ಅವಳ ಹೊಲಿಗೆ ಮಿಷನ್ನಿಗೆ ಸಿಕ್ಕಿದ್ದು ಹಜಾರದ ಕತ್ತಲೆ ಮೂಲೆ, ಉಡುಪು ತೂಗುಹಾಕಲು ಅಡುಗೆಮನೆಯ ಬಾಗಿಲು.

ಕೊನೆಯ ಗುಂಡಿ ಹೊಲಿದು, ಉಡುಪನ್ನು ತೂಗುಹಾಕಿ, ಅವಳು ಸೊಂಟ ನೆಟ್ಟಗೆ ಮಾಡಿದಳಷ್ಟೆ. ಗೋಡೆಯ ಗ್ಯಾಸ್ ಅಲಾರಂ ಕಿರುಚತೊಡಗಿತು!

“ರೀ, ಗ್ಯಾಸ್ ಸೋರ್ತಿದೆ! ಕಿಟಕಿ ತೆಗೀರಿ!”

ಮೇಷ್ಟ್ರು ಚಕ್ರವರ್ತಿಯ ಗತ್ತಿನಲ್ಲಿ ಬಂದರು. “ಸೋರಿದ್ರೆ ಅದು ಕಿರುಚುತ್ತೆ, ಒಪ್ಪಿದೆ. ಕಿರುಚಿತು ಅಂದ್ರೆ ಸೋರಿದೆ ಅಂತ ಅಲ್ಲ ಕಣೇ! ನೀನು ಏನಾದ್ರೂ ಹುರಿದ್ರೆ ಸಾಕು, ವಾರಕ್ಕೊಂದು ಸಲ ಬಡ್ಕೊಳ್ಳುತ್ತೆ. ನಿಜವಾಗಿ ಗ್ಯಾಸ್ ಸೋರೋದು ಹತ್ತು ವರ್ಷಕ್ಕೊಂದು ಸಲ. ಹತ್ತು ವರ್ಷಕ್ಕೆ ಐನೂರು ಚಿಲ್ಲರೆ ವಾರ, ಅಂದ್ರೆ ಈ ಕಿರುಚಾಟ ನಿಜ ಆಗಿರೋ ಸಂಭವ ಐನೂರಕ್ಕೆ ಒಂದು!”

“ಇವತ್ತು ನಾನು ಒಲೆ ಹಚ್ಚೇ ಇಲ್ವಲ್ರೀ! ಏನು ಹುರಿದೆ ಅಂತ ಬಡ್ಕೊಳ್ಳುತ್ತೆ?”

ಈ ಪ್ರಶ್ನೆಯನ್ನು ಯಾವನಾದರೂ ಹುಡುಗ ಕೇಳಿದ್ದರೆ ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು. ಹೆಂಡತಿ ಕೇಳಿದಳು ನೋಡಿ, ಕಿವಿಗೆ ಬೀಳಲಿಲ್ಲ.

“ವಾಸನೆ ಬೇರೆ ಬರ್ತಿದೆ.”

“ಕಿರುಚಿದ್ದು ಕೇಳಿ ನಿನ್ನ ಮೂಗೂ ಹೆದರಿದೆ. ನನಗೇನೂ ಬರ್ತಿಲ್ಲವಲ್ಲ!”

“ನಿಮಗೆ ನೆಗಡಿ ಆಗಿದೆ, ನೆನಪಿದೆಯಾ?”

“ನೆಗಡಿ ಮೂಗಿಗೆ ಕಣೇ, ತಲೆಗಲ್ಲ!” ಎಂದು ಗರ್ಜಿಸಿದ ಮೇಷ್ಟ್ರು ಅಲಾರಮ್ಮಿನ ಬಾಯಿ ಮುಚ್ಚಿಸಿ, ಸಿದ್ಧಾಂತ ಸಾಬೀತು ಮಾಡಲು ಬೆಂಕಿಕಡ್ಡಿ ಗೀರಿಯೇಬಿಟ್ಟರು.

ಭುಗ್! ಮೇಷ್ಟ್ರ ಮೀಸೆ, ಹುಬ್ಬು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಯ. ಹೆಂಡತಿ ಕೊರಳಪಟ್ಟಿ ಹಿಡಿದು ಅವರನ್ನು ಹೊರಗೆಳೆದಳು. ಸಿಲಿಂಡರಿನ ಬಾಯಿ ತಿರುಗಿಸಿ, ಬಕೆಟ್ ನೀರು ಸುರಿದು ಬೆಂಕಿ ಆರಿಸಿದವಳೂ ಅವಳೇ. ಕೊನೆಗೆ ತಿರುಗಿ ನೋಡಿದರೆ ಬಾಗಿಲಿಗೆ ನೇತಾಡುತ್ತಿದ್ದದ್ದು ಉಡುಪಿನ ಸುಟ್ಟು ಕಪ್ಪಾದ ಒಂದು ತೋಳು ಮಾತ್ರ.

ಆಗಲಾದರೂ ಬಾಯಿ ಮುಚ್ಚಿಕೊಂಡಿರಬಾರದೇ?

“ನನ್ನ ಲೆಕ್ಕವೇನೂ ತಪ್ಪಿಲ್ಲ,” ಎಂದರು ಮೇಷ್ಟ್ರು, ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಳ್ಳುತ್ತ. “ಐನೂರಕ್ಕೆ ಒಂದು ಅಂದಿದ್ದೆ. ಆ ಒಂದು ಇವತ್ತೇ ಬಂದಿದೆ, ಅಷ್ಟೆ!”

ಹೆಂಡತಿ ಆ ತೋಳನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡು, ಮದುಮಗಳ ಮನೆಗೆ ಮುಖ ತೋರಿಸಲು ಒಬ್ಬಳೇ ಹೋದಳು. ಅಲ್ಲಿ ಏನೇನು ಅನ್ನಿಸಿಕೊಂಡಳೋ, ಬಂದು ಹೇಳಲಿಲ್ಲ. ಮೇಷ್ಟ್ರು ಕೇಳಲೂ ಇಲ್ಲ.

ಮರುದಿನ ಮೇಷ್ಟ್ರು ಮುಲಾಮು ಬಳಿದುಕೊಂಡು ಕೋಣೆಯಿಂದ ಹೊರಬರುವಷ್ಟರಲ್ಲಿ ಮನೆ ಬಿಕೋ ಎನ್ನುತ್ತಿತ್ತು. ಹಜಾರದಲ್ಲಿ ಅವರ ತಾಯಿ ಒಬ್ಬರೇ ಕೂತಿದ್ದರು.

“ತವರಿಗೆ ಹೋದ್ಲು ಕಣೋ,” ಎಂದರು ತಾಯಿ.

ಮೇಷ್ಟ್ರು ಇಲ್ಲದ ಮೀಸೆ ತಿರುವಲು ಹೋದರು. “ಹೆದರಬೇಡಮ್ಮ, ಲೆಕ್ಕ ಹಾಕು! ಮದುವೆಯಾದಾಗಿಂದ ಎಷ್ಟು ಸಲ ಮುನಿಸ್ಕೊಂಡು ಹೋಗಿಲ್ಲ? ಒಂದು ಸಲನಾದ್ರೂ ಬರದೇ ಇದ್ದಾಳಾ? ವಾಪಸ್ ಬರೋ ಸಂಭವ ನೂರಕ್ಕೆ ನೂರು!”

ತಾಯಿ ಮಗನ ಬೋಳು ಹುಬ್ಬನ್ನು ನೋಡಿದರು. ಆಮೇಲೆ ಹಜಾರದ ಕತ್ತಲೆ ಮೂಲೆಯ ಕಡೆ ಕೈ ತೋರಿದರು. ಅಲ್ಲಿ ನೆಲದ ಮೇಲೆ ಒಂದಿಷ್ಟು ದಾರದ ಚೂರು ಬಿಟ್ಟರೆ ಏನೂ ಇರಲಿಲ್ಲ.

“ಆಗೆಲ್ಲ ಮಿಷನ್ನು ಇಲ್ಲೇ ಬಿಟ್ಟು ಹೋಗ್ತಿದ್ಲಪ್ಪಾ.”