ಅರ್ಧ ಹೇಳಿ ಕಳಿಸಿದ ಮಾತು

ಅವತ್ತು ಫೋನಿನಲ್ಲಿ ಕೇಳಿದ ಮಾತನ್ನು ಶಿವನಪ್ಪ ಪೂರ್ತಿ ಹೇಳಿ ಕಳಿಸಿದ್ದರೆ ಮೈನುದ್ದೀನನಿಗೆ ಒಂದೇ ದಿನ ಹಸಿವಿಲ್ಲದೆ ಎರಡೆರಡು ಸಲ ಉಣ್ಣುವ ಗತಿ ಬರುತ್ತಿರಲಿಲ್ಲ.

ಎರಡು ಸಾವಿರದ ಮೂರನೆಯ ಇಸವಿ ಇರಬೇಕು. ಗಜೇಂದ್ರಗಡದಲ್ಲಿ ಆಗಿನ್ನೂ ಓಣಿಗೊಂದು ಫೋನು. ನೇಕಾರ ಮೈನುದ್ದೀನನ ಓಣಿಯ ಫೋನು ಶಿವನಪ್ಪನ ಕಿರಾಣಿ ಅಂಗಡಿಯಲ್ಲಿತ್ತು. ಶಿವನಪ್ಪ ಒಳ್ಳೆಯ ಮನುಷ್ಯ. ಆದರೆ ಮಾತನ್ನೂ ಸಕ್ಕರೆಯ ಹಾಗೆ ತೂಗಿ, ಪೊಟ್ಟಣ ಕಟ್ಟಿ, ಯಾರಿಗೆ ಎಷ್ಟು ಬೇಕೋ ಅಷ್ಟೇ ಕೊಡುವವನು. ಮುಂಜಾನೆ ರೋಣದ ದವಾಖಾನೆಯಿಂದ ಡಾಕ್ಟರು ಮಹೇಶ್ವರಿ ಫೋನು ಮಾಡಿದರು. ಮೈನುದ್ದೀನ ನೇಯ್ದ ಸೀರೆ ಕೊಟ್ಟುಬರಲು ಪಕ್ಕದ ಸೂಡಿ ಊರಿಗೆ ಹೋಗಿದ್ದ. ಶಿವನಪ್ಪ ಎಲ್ಲ ಕೇಳಿಕೊಂಡು, ಮೋಟರ್‌ಸೈಕಲ್ ಮೇಲೆ ಅದೇ ಕಡೆ ಹೊರಟಿದ್ದ ಓಣಿಯ ಉಡಚಪ್ಪನನ್ನು ತಡೆದ.

"ಮೈನುದ್ದೀನ ಸೂಡ್ಯಾಗ ಸುಭಾನಸಾಬನ ಅಂಗಡ್ಯಾಗ ಇರ್ತಾನ. ದವಾಖಾನಿಯಿಂದ ಫೋನ್ ಬಂದಿತ್ತು, ಲಗೂನ ಮನಿಗೆ ಬರಬೇಕಂತ, ಇಷ್ಟ ಹೇಳು."

"ಯಾಕಂತ ಕೇಳಿದ್ರ?"

"ನೀ ಏನೂ ಹೇಳಾಕ ಹೋಗಬ್ಯಾಡ. ಉಳದದ್ದು ಅವಗ ನಾನ ಹೇಳ್ತೀನಿ."

ಉಡಚಪ್ಪನ ಮುಖ ಅಲ್ಲೇ ಇಳಿದುಹೋಯಿತು. ಇಂಥ ಸುದ್ದಿ ಒಯ್ದು ಅವನಿಗೆ ರೂಢಿ ಇತ್ತು. ನಮ್ಮ ಕಡೆ ಸಾವಿನ ಸುದ್ದಿ ಒಯ್ಯುವವನು ಸತ್ತರು ಅನ್ನುವುದಿಲ್ಲ. 'ಲಗೂ ಬರಬೇಕಂತ' ಅನ್ನುತ್ತಾನೆ, ಉಳಿದದ್ದನ್ನು ಮನೆ ಮುಟ್ಟುವತನಕ ಬಾಯಲ್ಲೇ ಹಿಡಿದಿರುತ್ತಾನೆ. ಸುತ್ತಲಿನವರ ಕೆಲಸ ಬೇರೆ. ಸತ್ತ ಮನೆಯಲ್ಲಿ ಒಲೆ ಹೊತ್ತುವುದಿಲ್ಲವಲ್ಲ, ಅದಕ್ಕೇ ಸುದ್ದಿ ತಿಳಿಯುವ ಮುಂಚೆ ಆ ಮನುಷ್ಯನ ಹೊಟ್ಟೆಗೆ ನಾಲ್ಕು ತುತ್ತು ಹಾಕಿಬಿಡುವುದು.

ಉಡಚಪ್ಪ ಹೊರಡುವ ಮೊದಲು ಮೈನುದ್ದೀನನ ನೆರೆಮನೆಯ ಹೊಳೆವ್ವನ ಕಿವಿಯಲ್ಲಿ, "ಆ ಮನಿ ಕಡೆ ಸ್ವಲ್ಪ ಲಕ್ಷ್ಯ ಇರ್ಲಿ ಎವ್ವಾ" ಅಂದ. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವ ಸಕ್ರವ್ವನ ಹತ್ತಿರ ಚಹಾ ಕುಡಿಯುತ್ತ ನಿಟ್ಟುಸಿರು ಬಿಟ್ಟ. ಅಷ್ಟು ಸಾಕಾಯಿತು.

ಸೂಡಿಯಲ್ಲಿ ಉಡಚಪ್ಪ ಮೊದಲು ಸುಭಾನಸಾಬನನ್ನು ಪಕ್ಕಕ್ಕೆ ಕರೆದ. ಸುಭಾನಸಾಬ ಬಂದು ಮೈನುದ್ದೀನನ ಹೆಗಲ ಮೇಲೆ ಕೈಯಿಟ್ಟ.

"ಏಳಪಾ, ಮೊದಲ ಊಟಾ ಮಾಡು."

"ಇಷ್ಟ ಲಗೂ ಎಂಥಾ ಊಟಾರಿ? ಇನ್ನೂ ಹನ್ನೆರಡ ಹೊಡದಿಲ್ಲ."

"ಉಣ್ಣಪಾ. ದವಾಖಾನಿಯಿಂದ ಫೋನ್ ಬಂದಿತ್ತಂತ. ಗಾಬರಿ ಆಗೂದು ಏನಿಲ್ಲ. ಉಂಡು ಹೋಗು."

ಮೈನುದ್ದೀನ ಸೀರೆಯ ಗಂಟನ್ನು ಕೆಳಗಿಟ್ಟ. ಅವನೂ ಇದೇ ಸೀಮೆಯಲ್ಲಿ ಹುಟ್ಟಿದವನು. "ಯಾರ್ ಹೋದ್ರು ಹೇಳ್ರಿ."

"ಯಾರೂ ಇಲ್ಲ. ಇನ್ನೊಂದ ರೊಟ್ಟಿ ಹಾಕ್ಕೋ."

ಯಾರೂ ಇಲ್ಲ ಅಂದರೆ ಯಾರೋ ಹೋಗಿದ್ದಾರೆ ಎಂದೇ ಅರ್ಥ. ಮೈನುದ್ದೀನ ರೊಟ್ಟಿಯನ್ನು ಹೆಂಚಿನ ಚೂರು ನುಂಗಿದ ಹಾಗೆ ನುಂಗಿದ. ಆಮೇಲೆ ಉಡಚಪ್ಪನ ಬೆನ್ನಿಗೆ ಕುಳಿತು ಹೊರಟ. ಉಡಚಪ್ಪ ಬೀಗ ಹಾಕಿದ ಗೋದಾಮಿನ ಹಾಗೆ ಬಾಯಿ ಮುಚ್ಚಿದ್ದ. ದವಾಖಾನೆ ಅಂದಮೇಲೆ ಅದು ಇಷ್ರತಳ ಸುದ್ದಿಯೇ.

ಇಷ್ರತ ಅವನ ಒಬ್ಬಳೇ ಮಗಳು. ಐದು ತುಂಬಿದರೂ ಒಂದು ಮಾತು ಆಡಿರಲಿಲ್ಲ. ತೋರಿಸದ ದೇವರಿಲ್ಲ, ಕಟ್ಟಿಸದ ತಾಯಿತವಿಲ್ಲ. ಕೊನೆಗೆ ಡಾಕ್ಟರು ಮಹೇಶ್ವರಿ ಕೂಡ್ರಿಸಿ ಹೇಳಿದ್ದರು.

"ನೋಡ್ರಿ ಮೈನುದ್ದೀನಣ್ಣಾ, ನಮ್ಮ ಮೈಯಾಗಿನ ಒಂದೊಂದ ಜೀವಕಣದಾಗೂ ಜೀನು ಅಂತ ಇರ್ತಾವ. ಏನು ತಯಾರ ಆಗಬೇಕು ಅಂತ ಅವು ಮಾತು ಕಳಸ್ತಾವ. ಆ ಮಾತಿಗೆ ಆರ್‌ಎನ್‌ಎ ಅಂತಾರ. ಆದ್ರ ಅದು ಸುಮ್ಮನ ಓಡಿ ಹೋಗಂಗಿಲ್ಲ. ಕೆಲವು ಪ್ರೋಟೀನು ಅದನ್ನ ಹಿಡಕೊಂಡಿರ್ತಾವ. ಯಾವ ತುಂಡು ಇಡಬೇಕು, ಎಲ್ಲಿಗೆ ಒಯ್ಯಬೇಕು, ಯಾವಾಗ ಬಾಯಿ ಬಿಡಸಬೇಕು, ಎಲ್ಲಾ ಅವ ನೋಡ್ಕೋತಾವ. ಮಿದುಳು ಬೆಳಿಯೋವಾಗ ನರದ ಕಣ ದೂರ ದೂರ ಕೈ ಚಾಚ್ತದ. ಆ ಕೈತುದಿ ಮುಟ್ಟೋತನಕ ಮಾತು ಸುಮ್ಮನಿರಬೇಕು. ನಿಮ್ಮ ಇಷ್ರತಗ ಹಂಗ ಹಿಡಕೊಳ್ಳೋ ಒಂದು ಪ್ರೋಟೀನ ಇಲ್ಲೇನೋ ಅಂತ ಸಂಶಯ ನನಗ."

"ಇಲ್ಲಂದ್ರ, ಅಕ್ಕಾರ?"

"ಮಾತು ಹೊತ್ತಲ್ಲದ ಹೊತ್ತಿನ್ಯಾಗ, ಸಿಕ್ಕಲ್ಲೆ ಒದರಿಬಿಡ್ತಾವ. ಮಿದುಳು ಗೊಂದಲ ಆಗ್ತದ. ಮಾತು ಬಾರದ ಕೂಸುಗಳನ್ನ ನೋಡೋ ಬೆಂಗಳೂರ ಡಾಕ್ಟರು ಚರ್ಮದ ಒಂದು ಚೂರು ತಗೊಂಡು, ಬೆಳಸಿ, ಆ ಪ್ರೋಟೀನ ಐತೋ ಇಲ್ಲೋ ಹೇಳ್ತಾರ. ಅವರು ಈ ಕಡೆ ಬಂದಾಗ ಹೇಳಿ ಕಳಸ್ತೀನಿ."

ಮಗಳಿಗೆ ಏನಾಗಿದೆ ಅನ್ನುವುದಾದರೂ ತಿಳಿಯಲಿ, ಯಾಕೆ ಅನ್ನುವುದಕ್ಕೆ ಒಂದು ಉತ್ತರ ಸಿಗಲಿ ಎಂಬ ಆಸೆಯಲ್ಲೇ ಅವನು ಮೂರು ತಿಂಗಳು ಕಳೆದಿದ್ದ. ಈಗ ನೋಡಿದರೆ ಹೀಗೆ.

ಬಸ್‌ಸ್ಟ್ಯಾಂಡಿನಲ್ಲಿ ಸಕ್ರವ್ವ ಗಾಡಿಯನ್ನೇ ಅಡ್ಡಗಟ್ಟಿದಳು. ಪೇಪರಿನಲ್ಲಿ ಬಿಸಿ ಮಿರ್ಚಿ, ಮೇಲೆ ಒಂದು ಮುಷ್ಟಿ ಚುರುಮುರಿ. "ತಿನ್ನೋ ತಮ್ಮಾ. ರೊಕ್ಕ ಬ್ಯಾಡ."

ಮೈನುದ್ದೀನನಿಗೆ ಇದ್ದ ಒಂದೆಳೆ ಆಸೆಯೂ ಹರಿಯಿತು. ಸಕ್ರವ್ವ ಸ್ವಂತ ಅಳಿಯನಿಗೂ ಪುಕ್ಕಟೆ ಒಂದು ಮಿರ್ಚಿ ಕೊಟ್ಟವಳಲ್ಲ. ಅವನು ಅಳುತ್ತ ತಿಂದ. ಖಾರಕ್ಕೋ ದುಃಖಕ್ಕೋ ನೋಡಿದವರಿಗೆ ತಿಳಿಯಲಿಲ್ಲ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ಕುಳಿತಿದ್ದರು. ನಡುವೆ ಅವನ ಹೆಂಡತಿ ಮದರಬಿ, ಕಣ್ಣು ಕೆಂಪಾಗಿ. ಮೂಲೆಯಲ್ಲಿ ಹೊಳೆವ್ವನ ತೊಡೆಯ ಮೇಲೆ ಇಷ್ರತ, ಬಾಯಿ ತುಂಬ ಗೋದಿ-ಬೆಲ್ಲದ ಮಾದಲಿ. ಮೈನುದ್ದೀನ ಕಂಬ ಹಿಡಿದು ನಿಂತ. ಮಗಳು ಇದ್ದಾಳೆ, ಹೆಂಡತಿ ಇದ್ದಾಳೆ.

"ಯಾರ್ ಹೋದ್ರು?" ಅಂದ.

"ನನ್ನ ಕೇಳ್ತೀರೇನ್ರಿ?" ಅಂದಳು ಮದರಬಿ. "ನೀವು ಬಂದು ಹೇಳ್ತೀರಂತ ನಾ ಅಳಕೋತ ಕುಂತೀನಿ."

"ಗೊತ್ತಿಲ್ದ ಅಳಾಕ ಹತ್ತೀ ಏನು?"

"ಮುಂಜಾನಿಂದ ಮಂದಿ ಉಣಸಾಕ ಹತ್ಯಾರ. ಅಳಬಾರದಂದ್ರ ಹ್ಯಾಂಗ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹೋದದ್ದು ಜಕ್ಕಲಿಯಲ್ಲಿದ್ದ ಮದರಬಿಯ ಅಜ್ಜಿ ಎಂದು ಹೊಳೆವ್ವ ಅಂದುಕೊಂಡಿದ್ದಳು. ಅವಳ ಪಕ್ಕ ಕುಳಿತ ಗುಡ್ಡವ್ವ ಸ್ವತಃ ಮೈನುದ್ದೀನನೇ ಅಂದುಕೊಂಡಿದ್ದಳು, ಅವನು ನಡೆದು ಒಳಗೆ ಬಂದದ್ದು ಅವಳಿಗೆ ಇನ್ನೂ ಒಗ್ಗಿರಲಿಲ್ಲ.

ಅಷ್ಟರಲ್ಲಿ ಶಿವನಪ್ಪ ಮಧ್ಯಾಹ್ನದ ನಿದ್ದೆ ಮುಗಿಸಿ, ಮುಖ ಒರೆಸಿಕೊಳ್ಳುತ್ತ ಬಂದ. "ಬಂದ್ಯಾ? ಚಲೋ ಆತು. ಯಾಕ ಇಷ್ಟ ಮಂದಿ? ಏನಿಲ್ಲಪಾ, ರೋಣಕ್ಕ ಬೆಂಗಳೂರ ಡಾಕ್ಟರು ಬಂದಾರ. ಇವತ್ತ ಒಂದ ದಿನ, ಐದಕ್ಕ ಹೊಂಡ್ತಾರ. ಕೂಸಿನ ಕರಕೊಂಡು ಹೋಗಬೇಕಂತ." ಆಮೇಲೆ ಕೊನೆಯ ಪೊಟ್ಟಣವನ್ನೂ ಬಿಚ್ಚಿದ. "ಇನ್ನೊಂದ ಮಾತು. ಮಲಗೋ ಔಷಧ ಕೊಡ್ತಾರಂತ. ಮುಂಜಾನಿಂದ ಕೂಸಿನ ಹೊಟ್ಟಿಗೆ ಏನೂ ಹಾಕಬಾರದಂತ."

ಎಲ್ಲರೂ ಹೊಳೆವ್ವನ ಕಡೆ ತಿರುಗಿದರು. ಅವಳ ಕೈಯಲ್ಲಿ ಕೊನೆಯ ತುತ್ತಿತ್ತು.

"ಇದನ್ನ ಮೊದಲ ಹೇಳಾಕ ನಿನಗ ಏನಾಗಿತ್ತೋ ಶಿವನಪ್ಪಾ!" ಎಂದು ಮೈನುದ್ದೀನ ಒದರಿದ.

"ಕೂಸಿನ ಜಡ್ಡಿನ ಮಾತು. ಊರ ಮಂದಿಗೆ ಯಾಕ ಗೊತ್ತಾಗಬೇಕು ಅಂತ ಮುಚ್ಚಿಟ್ಟೆ," ಅಂದ ಶಿವನಪ್ಪ, ಆ ಊರ ಮಂದಿಯ ನಡುವೆ ನಿಂತು.

ಈ ಸಲ ತಪ್ಪಿದರೆ ಅವರು ಮತ್ತೆ ಯಾವಾಗ ಬರುತ್ತಾರೋ. ಮೈನುದ್ದೀನ ಮಗಳನ್ನು ಎತ್ತಿಕೊಂಡು ಮತ್ತೆ ಉಡಚಪ್ಪನ ಮೋಟರ್‌ಸೈಕಲ್ ಹತ್ತಿದ. ಇನ್ನೊಬ್ಬರಿಗೆ ಜಾಗವಿಲ್ಲದೆ ಮದರಬಿ ಬಾಗಿಲಲ್ಲೇ ಉಳಿದಳು.

ರೋಣ ಮುಟ್ಟಿದಾಗ ಬೆಂಗಳೂರಿನ ಡಾಕ್ಟರು ಪೆಟ್ಟಿಗೆ ಕಟ್ಟುತ್ತಿದ್ದರು. ಮಹೇಶ್ವರಿಯವರ ಮುಖ ನೋಡಿ ಮತ್ತೆ ಬಿಚ್ಚಿದರು.

"ಮಗು ಏನಾದ್ರೂ ತಿಂದಿದ್ಯಾ?"

"ಇಲ್ರಿ," ಅಂದ ಮೈನುದ್ದೀನ. ಹೊರಟುಹೋದ ಮಾತು ಹೊರಟುಹೋಯಿತು.

"ನಿಜ ಹೇಳಿ. ತಿಂದಿದ್ರೆ ನಿದ್ದೇಲಿ ವಾಂತಿಯಾಗಿ ಉಸಿರಿಗೇ ತೊಂದ್ರೆ ಆಗುತ್ತೆ."

ಉತ್ತರ ಹೋದರೆ ಹೋಗಲಿ, ಮಗಳು ಉಳಿಯಲಿ ಎಂದು ಮೈನುದ್ದೀನ ಬಾಯಿ ತೆರೆದ. ಅವನಿಗಿಂತ ಮೊದಲು ಇಷ್ರತ ತೆರೆದಳು.

"ಹೊಟ್ಟಿ ತುಂಬೇತಿ," ಅಂದಳು.

ಸ್ಪಷ್ಟವಾಗಿ, ಹೊಳೆವ್ವನ ಧಾಟಿಯಲ್ಲೇ ಅಂದಳು. ಮಹೇಶ್ವರಿ ಬಾಯಿಗೆ ಕೈಯಿಟ್ಟುಕೊಂಡರು.

ಬೆಂಗಳೂರಿನ ಡಾಕ್ಟರು ಕನ್ನಡಕ ತೆಗೆದರು. "ಒಂದು ಮಾತೂ ಬರಲ್ಲ ಅಂದಿದ್ರಲ್ಲ?"

"ಬರಂಗಿಲ್ರಿ."

"ಈಗ ಆಡಿದ್ಳಲ್ಲ."

"ಇದ ಮೊದಲ್ರಿ ಸಾಹೇಬ್ರ. ಖರೇವಂದ್ರೂ ಮಾತಾಡಂಗಿಲ್ರಿ ಆಕಿ. ಅದು ಹಂಗ ಬಂತು ಅಷ್ಟ. ಇನ್ನ ಮ್ಯಾಲೆ ಆಡಂಗಿಲ್ರಿ, ನೋಡ್ರಿ ಬೇಕಾದ್ರ!" ಐದು ವರ್ಷ ಒಂದು ಮಾತಿಗಾಗಿ ಕೈಯೆತ್ತಿ ಬೇಡಿದವನು ಈಗ ಮಗಳ ಬಾಯಿಗೆ ಅಂಗೈ ಅಡ್ಡ ಹಿಡಿದು ನಿಂತಿದ್ದ.

"ತಿಂದಿಲ್ಲ ಅಂದ್ರಿ, ತಿಂದಿದಾಳೆ. ಮಾತು ಬರಲ್ಲ ಅಂತೀರಿ, ಆಡ್ತಾಳೆ. ನಿಮ್ಮ ಮಾತನ್ನ ನಾನು ಹೇಗೆ ನಂಬ್ಲಿ? ನಾವು ನೋಡ್ತಿರೋದು ಮಾತೇ ಬಾರದ ಮಕ್ಕಳನ್ನ." ಮಹೇಶ್ವರಿ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಪೆಟ್ಟಿಗೆ ಮತ್ತೆ ಮುಚ್ಚಿತು.

ಊರ ದಾರಿಯುದ್ದಕ್ಕೂ ಮೈನುದ್ದೀನ ಮಗಳ ಕಿವಿಯಲ್ಲಿ, "ಇನ್ನೊಮ್ಮೆ ಅನ್ನವ್ವಾ, ಒಂದ ಸಲ" ಎಂದು ಗೋಗರೆದ. ಇಷ್ರತ ಉಡಚಪ್ಪನ ಅಂಗಿಯ ಹೊಲಿಗೆ ಕೆರೆಯುತ್ತ ಕುಳಿತಿದ್ದಳು.

ಸುದ್ದಿ ಕೇಳಿ ಹೊಳೆವ್ವ ಹಿಗ್ಗಿದಳು. "ತುತ್ತಿಗೊಮ್ಮೆ 'ಹೊಟ್ಟಿ ತುಂಬೇತಿ?' ಅಂತ ಕೇಳ್ತಿದ್ನೆವ್ವ, ಅದನ್ನ ಕಲತಾಳ ನೋಡು!" ಮದರಬಿ ಹಿಗ್ಗಲಿಲ್ಲ. ಐದು ವರ್ಷ ಅವಳು ಜೋಗುಳ ಹಾಡಿದ್ದು ತನ್ನ ಉರ್ದುವಿನಲ್ಲಿ. ಬಂದ ಮೊದಲ ಮಾತು ನೆರೆಮನೆಯದು, ಕೇಳಿದವರು ರೋಣದವರು.

"ಆಕಿ ಮಾತಾಡಿದ ಕೂಡ್ಲೆ ನೀವೇನಂದ್ರಿ?" ಎಂದು ಕೇಳಿದಳು.

ಸುಳ್ಳು ಹೇಳಿ ಹೇಳಿ ಅವತ್ತಿಗೆ ಅವನಿಗೆ ಸಾಕಾಗಿತ್ತು. "ಈಕಿಗೆ ಮಾತು ಬರಂಗಿಲ್ಲ ಅಂದೆ."

ಮದರಬಿ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮೈನುದ್ದೀನ ಮಗ್ಗದಲ್ಲಿ ಕುಳಿತು ಮಗಳನ್ನು ಕರೆದ. ಉತ್ತರವಿಲ್ಲ. ಹೆಂಡತಿಯನ್ನು ಕರೆದ. ಅಲ್ಲಿಂದಲೂ ಇಲ್ಲ. ನಿನ್ನೆಯವರೆಗೆ ಆ ಮನೆಯಲ್ಲಿ ಮಾತಾಡದವರು ಒಬ್ಬರಿದ್ದರು. ಈಗ ಇಬ್ಬರಾಗಿದ್ದರು.