ನಾನೂರ ಹದಿನಾರು ಬಲ್ಬುಗಳ ಸ್ವಾತಂತ್ರ್ಯ

ವೆಂಡೆಲ್ ಹೌಗೆನ್‌ಗೆ ಸಿಟ್ಟು ಬಂದಿತ್ತು. ಬಂದಿತ್ತು ಅನ್ನುವುದಕ್ಕಿಂತ, ಅಕ್ಟೋಬರಿನಲ್ಲಿ ಬಂದ ಸಿಟ್ಟು ಮಾರ್ಚ್ ಆದರೂ ಹೊರಡುವ ಲಕ್ಷಣ ತೋರಿಸಿರಲಿಲ್ಲ ಅನ್ನುವುದೇ ಸರಿ. ಕಾರಣ ಕೇಳಿದರೆ ನಿಮಗೂ ಬಂದೀತು. ದೂರದ ವಾಷಿಂಗ್ಟನ್ನಿನಲ್ಲಿ ಕೂತ ಮಹಾನುಭಾವರು, ಹೊಸ ವರ್ಷದಿಂದ ನೂರು ವ್ಯಾಟಿನ ಹಳೇ ಬಲ್ಬನ್ನು ಯಾರೂ ತಯಾರಿಸಕೂಡದು ಎಂದು ಕಾನೂನು ಮಾಡಿಬಿಟ್ಟಿದ್ದರು. ಯಾಕಂತೆ? ಅದು ಕರೆಂಟು ಜಾಸ್ತಿ ಕುಡಿಯುತ್ತದಂತೆ! (ಆ ಮಹಾನುಭಾವರು ಸಂಜೆಯಾದರೆ ಏನೇನು ಎಷ್ಟೆಷ್ಟು ಕುಡಿಯುತ್ತಾರೆ ಎಂದು ಯಾರಾದರೂ ಮೀಟರ್ ಇಟ್ಟಿದ್ದಾರೆಯೇ?)

"ನನ್ನ ಮನೆ, ನನ್ನ ಸೂರು, ನನ್ನ ದೀಪ! ಅದರೊಳಗೆ ಯಾವ ಬಲ್ಬು ಹಾಕ್ಬೇಕು ಅಂತ ಹೇಳೋಕೆ ಇವರು ಯಾರು?" ಎಂದು ವೆಂಡೆಲ್ ಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದ. "ಇವತ್ತು ಬಲ್ಬು. ನಾಳೆ ಬಂದು ನಿನ್ನ ಒಲೆ ಮೇಲಿನ ಪಾತ್ರೆಗೂ ಕಾನೂನು ಮಾಡ್ತಾರೆ, ನೋಡ್ತಿರು!"

"ಮಾಡ್ಲಿ ಬಿಡು," ಎಂದಳು ಹೆಂಡತಿ ಆರ್ಲಿಸ್. "ಆ ತಳ ಹಿಡಿಯೋ ಬಾಣಲೇನ ನಿಷೇಧ ಮಾಡಿದ್ರೆ ನಾನೇ ಮೊದಲು ಓಟು ಹಾಕ್ತೀನಿ."

ಹೆಂಗಸರಿಗೆ ರಾಜಕೀಯ ತಿಳಿಯುವುದಿಲ್ಲ ಎಂದು ವೆಂಡೆಲ್ ಮನಸ್ಸಿನಲ್ಲೇ ಅಂದುಕೊಂಡ. (ಮನಸ್ಸಿನಲ್ಲೇ. ನಲವತ್ತಮೂರು ವರ್ಷ ಸಂಸಾರ ಮಾಡಿದವನು ಅಷ್ಟು ದಡ್ಡನಲ್ಲ.)

ಅಮೆರಿಕದ ಉತ್ತರ ತುದಿಯ ಮಿನೆಸೋಟದ ಆ ಪುಟ್ಟ ಊರಿನಲ್ಲಿ ಬೇರೆ ಕಡೆಯೂ ಇದೇ ಮಾತು. ಕಾಫಿ ಹೋಟೆಲಿನಲ್ಲಿ ಎರಡು ಪಕ್ಷಗಳಾಗಿದ್ದವು. ಕಿಟಕಿ ಪಕ್ಕದ ಮೇಜಿನವರು ಕಾನೂನಿನ ಪರ, ಒಲೆ ಪಕ್ಕದವರು ವಿರುದ್ಧ. ಕಿಟಕಿ ಪಕ್ಷದ ನಾಯಕ ಹಾರ್ಲನ್ ಬ್ರೋಟನ್, ಸುತ್ತಲ ಹಳ್ಳಿಗಳಿಗೆಲ್ಲ ಕರೆಂಟು ಕೊಡುವ ವಿದ್ಯುತ್ ಸಹಕಾರ ಸಂಘದ ಅಧ್ಯಕ್ಷ.

"ಹಳೇ ಬಲ್ಬು ಹತ್ತು ಪಾಲು ಕರೆಂಟು ತಿಂದು ಒಂದು ಪಾಲು ಬೆಳಕು ಕೊಡುತ್ತೆ, ವೆಂಡೆಲ್. ಉಳಿದದ್ದೆಲ್ಲ ಬರೀ ಬಿಸಿ," ಎಂದ ಹಾರ್ಲನ್.

"ಜನವರಿ ಬಂದ್ರೆ ಇಲ್ಲಿ ಮೈನಸ್ ಮೂವತ್ತು ಡಿಗ್ರಿ ಚಳಿ! ಬಿಸಿ ಬೇಡ ಅನ್ನೋಕೆ ನಿನಗೇನು ತಲೆ ಕೆಟ್ಟಿದೆಯಾ?" ಎಂದ ವೆಂಡೆಲ್. ಒಲೆ ಪಕ್ಷದವರು ಮೇಜು ಕುಟ್ಟಿ ಮೆಚ್ಚಿದರು. ಅವತ್ತಿನಿಂದ ಎರಡು ಮೇಜುಗಳ ನಡುವೆ ಸಕ್ಕರೆ ಡಬ್ಬಿ ಕೂಡ ಓಡಾಡುವುದು ನಿಂತುಹೋಯಿತು.

ಆದರೆ ಮೇಜು ಕುಟ್ಟಿದರೆ ಸ್ವಾತಂತ್ರ್ಯ ಉಳಿಯುತ್ತದೆಯೇ? ವೆಂಡೆಲ್ ಕಾರ್ಯಪ್ರವೃತ್ತನಾದ. ಅವನಿಗೀಗ ಅರವತ್ತೆಂಟು. ಅವನಪ್ಪ ಬದುಕಿದ್ದು ತೊಂಬತ್ತರವರೆಗೆ, ಹಾಗಾಗಿ ತಾನೂ ಅಷ್ಟೇ ಎಂದು ಅವನು ದೇವರ ಜೊತೆ ಒಳಗೊಳಗೇ ಮಾತಾಡಿಕೊಂಡಿದ್ದ. ಮನೆಯಲ್ಲಿ ಹದಿಮೂರು ದೀಪ. ಒಂದು ಬಲ್ಬಿನ ಆಯಸ್ಸು ಏಳುನೂರೈವತ್ತು ಗಂಟೆ; ಒಂದೊಂದು ದೀಪವೂ ದಿನಕ್ಕೆ ಮೂರೇ ಗಂಟೆ ಉರಿದರೆ, ಇನ್ನು ಇಪ್ಪತ್ತೆರಡು ವರ್ಷಕ್ಕೆ ನಾನೂರ ಹದಿನಾರು ಬಲ್ಬು ಬೇಕು. ಪಿಕಪ್ ಗಾಡಿ ತೆಗೆದುಕೊಂಡು ಮೂರು ಊರಿನ ಹಾರ್ಡ್‌ವೇರ್ ಅಂಗಡಿಗಳನ್ನು ಬಾಚಿ, ಒಂದೂ ಕಮ್ಮಿ ಇಲ್ಲದ ಹಾಗೆ ನಾನೂರ ಹದಿನಾರನ್ನು ತಂದ. ಇಡುವುದೆಲ್ಲಿ? ನೆಲಮಾಳಿಗೆಯ ದೊಡ್ಡ ಕಪಾಟು ಬೆಚ್ಚಗಿತ್ತು, ಒಣಗಿತ್ತು. ಅದರಲ್ಲಿ ಆರ್ಲಿಸ್ ಬೇಸಿಗೆಯೆಲ್ಲ ಬೆವರು ಸುರಿಸಿ ತುಂಬಿದ ಬೀಟ್‌ರೂಟ್, ಸೌತೆಕಾಯಿ ಉಪ್ಪಿನಕಾಯಿಯ ಗಾಜಿನ ಜಾಡಿಗಳಿದ್ದವು. ರಾಷ್ಟ್ರದ ಪ್ರಶ್ನೆಯ ಮುಂದೆ ಉಪ್ಪಿನಕಾಯಿಯದೇನು ಲೆಕ್ಕ? ಜಾಡಿಗಳು ಪಿಕಪ್ ನಿಲ್ಲಿಸುವ ಹೊರಗಿನ ಗಾಡಿಮನೆಗೆ ಹೋದವು.

ಜನವರಿ ಎರಡನೇ ವಾರ ನಲವತ್ತೊಂದು ಜಾಡಿ ಹೆಪ್ಪುಗಟ್ಟಿ ಒಡೆದವು. ಬೀಟ್‌ರೂಟ್ ರಸ ನೆಲದ ತುಂಬ ಹರಿದು, ಗಾಡಿಮನೆಯಲ್ಲಿ ಯಾರನ್ನೋ ಕೊಚ್ಚಿ ಹಾಕಿದ ಹಾಗೆ ಕಾಣುತ್ತಿತ್ತು. ಆರ್ಲಿಸ್ ಬಾಗಿಲಲ್ಲಿ ನಿಂತು ನೋಡಿದಳು. ಕೂಗಾಡಲಿಲ್ಲ. (ಕೂಗಾಡಿದ್ದರೆ ಚೆನ್ನಾಗಿತ್ತು.)

"ನನ್ನ ಕಪಾಟು ನನಗೆ ಯಾವಾಗ ವಾಪಸ್ ಕೊಡ್ತೀಯ?" ಎಂದಳು.

"ತೊಂಬತ್ತಾದ ಮೇಲೆ," ಎಂದ ವೆಂಡೆಲ್. ತಮಾಷೆಗೆ ಅಂದದ್ದು. ಅವಳು ನಗಲಿಲ್ಲ.

ಇದಕ್ಕೂ ಮುಂಚೆ, ನವೆಂಬರಿನಲ್ಲೇ, ಇನ್ನೊಂದು ಸಂಕಟ ಶುರುವಾಗಿತ್ತು. ಬಲ್ಬುಗಳನ್ನು ಕೂಡಿಟ್ಟದ್ದು ಉರಿಸುವುದಕ್ಕೇ ನಿಜ. ಆದರೆ ಉರಿಸಿದರೆ ಖರ್ಚಾಗುತ್ತವಲ್ಲ! ಒಂದು ಬಲ್ಬು ಸುಟ್ಟುಹೋದ ದಿನ ವೆಂಡೆಲ್‌ಗೆ ಊಟ ಸೇರಲಿಲ್ಲ. ಮಾರನೇ ದಿನ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ. ಬಚ್ಚಲಿನಲ್ಲಿ ನಾಲ್ಕು ನಿಮಿಷ. ಮೆಟ್ಟಿಲಿಗೆ ದೀಪವಿಲ್ಲ, ಕಟಕಟೆ ಹಿಡಿದು ಇಳಿಯತಕ್ಕದ್ದು. ಅಂಗಳದ ದೀಪ ಸಂಪೂರ್ಣ ಬಂದ್. ಊಟದ ಮನೆಯಲ್ಲಿ ಒಂದು ದೀಪ ಉರಿಯುತ್ತಿದ್ದರೆ ಬೇರೆಲ್ಲೂ ಉರಿಯಕೂಡದು. ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ನಾಲ್ಕೂವರೆಯಿಂದ ಮಲಗುವ ತನಕ ವೆಂಡೆಲ್ ಆರ್ಲಿಸ್‌ಳ ಹಿಂದೆ ಹಿಂದೆ ನಡೆದು, ಅವಳು ಹಾಕಿದ ಸ್ವಿಚ್ಚನ್ನೆಲ್ಲ ಆರಿಸುತ್ತಿದ್ದ.

"ಅಲ್ಲ ಮಹಾರಾಯಾ," ಎಂದಳು ಆರ್ಲಿಸ್ ಒಂದು ಸಂಜೆ ಕತ್ತಲಲ್ಲಿ. "ಸರ್ಕಾರ ಯಾವ ಬಲ್ಬು ತಗೋ ಅಂತ ಮಾತ್ರ ಹೇಳಿತ್ತು. ನೀನು ನಾನು ಬಚ್ಚಲಲ್ಲಿ ಎಷ್ಟು ನಿಮಿಷ ಕೂರ್ಬೇಕು ಅಂತ ಹೇಳ್ತಿದ್ದೀಯಲ್ಲೋ!"

"ಇದು ತ್ಯಾಗ ಕಣೇ. ಸ್ವಾತಂತ್ರ್ಯ ಸುಮ್ನೆ ಬರುತ್ತಾ?"

"ಬೆಳಕೂ ಸುಮ್ನೆ ಬರಲ್ಲ ಅಂತ ಕಾಣುತ್ತೆ. ಕಾಫಿ ಕುಡಿ."

ಕುಡಿದ. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ತತ್ತ್ವಕ್ಕೆ ಕಟ್ಟುಬಿದ್ದು ಕಡೇ ಗುಟುಕಿನವರೆಗೂ ಕುಡಿದು, "ಚೆನ್ನಾಗಿದೆ," ಎಂದ.

ಈ ಎಲ್ಲ ತಪಸ್ಸಿನ ಫಲ ಮಾರ್ಚ್ ಕೊನೆಯ ಶನಿವಾರ ಸಿಗುವುದಿತ್ತು. ಅವತ್ತು ಸಹಕಾರ ಸಂಘದ ವಾರ್ಷಿಕ ಸಭೆ, ಶಾಲೆಯ ಆಟದ ಹಾಲ್‌ನಲ್ಲಿ. ಸಂಘದ ಕರೆಂಟು ಉರಿಸುವವರೆಲ್ಲ ಸದಸ್ಯರೇ. ಯಾವ ಸದಸ್ಯ ಬೇಕಾದರೂ ಎದ್ದು ನಿರ್ಣಯ ಮಂಡಿಸಬಹುದು. ಪಾಸಾದರೆ ಸಂಘದ ಹೆಸರಿನಲ್ಲಿ ಅದು ನೇರ ವಾಷಿಂಗ್ಟನ್ನಿಗೆ ಹೋಗುತ್ತದೆ. ಬಲ್ಬಿನ ಕಾನೂನು ರದ್ದಾಗಬೇಕೆಂಬ ನಿರ್ಣಯವನ್ನು ವೆಂಡೆಲ್ ಹನ್ನೊಂದು ಸಲ ಬರೆದು ಹನ್ನೊಂದು ಸಲ ಹರಿದಿದ್ದ. ಹನ್ನೆರಡನೆಯದನ್ನು ಹೆಂಡತಿಗೆ ಓದಿ ಹೇಳಿದ. "ಒಂದು ಮನೆಯೊಳಗೆ ಯಾವ ವಸ್ತು ಎಲ್ಲಿರಬೇಕೆಂಬುದನ್ನು ಆ ಮನೆಯಲ್ಲಿ ದುಡಿಯುವವರೇ ತೀರ್ಮಾನಿಸತಕ್ಕದ್ದು. ಅವರನ್ನು ಕೇಳದೆ ಅನ್ಯರು ಕೈಹಾಕತಕ್ಕದ್ದಲ್ಲ."

"ಈ ಸಾಲು ಚೆನ್ನಾಗಿದೆ," ಎಂದಳು ಆರ್ಲಿಸ್. "ಇನ್ನೊಂದ್ಸಲ ಓದು."

ವೆಂಡೆಲ್ ಉಬ್ಬಿಹೋದ. ಮೂರು ಸಲ ಓದಿದ.

ಸಭೆಗೆ ಊರೇ ಬಂದಿತ್ತು. (ಹಂದಿಮಾಂಸದ ಪುಕ್ಕಟೆ ಊಟ ಇದ್ದರೆ ಪ್ರಜಾಪ್ರಭುತ್ವ ಬಲು ಚೆನ್ನಾಗಿ ನಡೆಯುತ್ತದೆ.) ಬಾಗಿಲಲ್ಲಿ ಮನೆಗೊಂದರಂತೆ ನೀಲಿ ಚೀಟಿ ಕೊಟ್ಟರು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಓಟು, ಅದು ಸಂಘದ ಹಳೇ ನಿಯಮ. ಕಳೆದೀತೆಂದು ವೆಂಡೆಲ್ ಚೀಟಿಯನ್ನು ಆರ್ಲಿಸ್‌ಳ ಕೈಚೀಲದಲ್ಲಿ ಇಡಿಸಿದ. ಒಲೆ ಪಕ್ಷದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮುಟ್ಟಿ ಮಾತಾಡಿಸಿ, ಓಟು ಎಣಿಸಿಕೊಂಡ. ಗೆಲುವು ಖಚಿತ.

ನಿರ್ಣಯಕ್ಕೆ ಮುಂಚೆ ಬಹುಮಾನ. ಹಾರ್ಲನ್ ಮೈಕು ಹಿಡಿದ. "ಈ ಚಳಿಗಾಲ ಇಡೀ ಸಂಘದಲ್ಲಿ ಅತ್ಯಂತ ಹೆಚ್ಚು ಕರೆಂಟು ಉಳಿಸಿದ ಮನೆಗೆ ವಿಶೇಷ ಬಹುಮಾನ. ನಮಗೇ ನಂಬಿಕೆ ಬರ್ಲಿಲ್ಲ ನೋಡಿ, ಮೀಟರ್ ಕೆಟ್ಟಿರಬೇಕು ಅಂತ ಎರಡು ಸಲ ಜನ ಕಳಿಸಿದ್ವಿ. ಮೀಟರ್ ಸರಿಯಾಗೇ ಇದೆ. ಬನ್ನಿ, ಶ್ರೀಮಾನ್ ವೆಂಡೆಲ್ ಹೌಗೆನ್!"

ವೆಂಡೆಲ್‌ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಜನ ಚಪ್ಪಾಳೆ ತಟ್ಟಿದರು, ಕಿಟಕಿ ಪಕ್ಷದವರು ಎದ್ದು ನಿಂತು ತಟ್ಟಿದರು. ಯಾರೋ ತಳ್ಳಿದರು, ಇನ್ಯಾರೋ ಎಳೆದರು, ಅಂತೂ ವೇದಿಕೆಯ ಮೇಲೆ ಹೋಗಿ ನಿಂತ. ಹಾರ್ಲನ್ ಅವನ ಎರಡೂ ತೋಳಿನ ಮೇಲೆ ಒಂದು ದೊಡ್ಡ ಪೆಟ್ಟಿಗೆ ಹೊರಿಸಿದ. ಒಳಗೆ ಒಂದು ಡಜನ್ ಎಲ್‌ಇಡಿ ಬಲ್ಬು. ಹೊಸವು, ಕಾನೂನಿಗೆ ಸರಿಹೊಂದುವಂಥವು.

"ಇಷ್ಟು ಉಳಿಸಿದ್ದು ಹೇಗೆ ಅಂತ ಎಲ್ಲರಿಗೂ ಹೇಳು, ವೆಂಡೆಲ್!"

ಏನೆಂದು ಹೇಳುವುದು? ಕ್ಯಾಮೆರಾ ಬೇರೆ ಫಳಕ್ಕೆಂದಿತು. ಅಷ್ಟರಲ್ಲಿ ಕೆಳಗೆ ಆರ್ಲಿಸ್ ಎದ್ದು ನಿಂತಳು.

"ಅವನಿಗೆ ಸಂಕೋಚ, ನಾನು ಹೇಳ್ತೀನಿ," ಎಂದಳು. "ನಾನೂರ ಹದಿನಾರು ಹಳೇ ಬಲ್ಬು ಕೂಡಿಟ್ಟಿದ್ದಾನೆ. ಖರ್ಚಾಗುತ್ತವೆ ಅಂತ ಉರಿಸೋಕೆ ಬಿಡಲ್ಲ. ನವೆಂಬರಿಂದ ನಾವು ಕತ್ತಲಲ್ಲೇ ಇದ್ದೀವಿ."

ಹಾಲ್‌ನ ಸೂರು ಹಾರಿಹೋಗುವ ಹಾಗೆ ಜನ ನಕ್ಕರು. ಒಲೆ ಪಕ್ಷದವರೇ ಹೆಚ್ಚು ನಕ್ಕರು, ದ್ರೋಹಿಗಳು! ದೀಪದ ಬುಡದಲ್ಲಿ ಕತ್ತಲು ಅನ್ನುವುದನ್ನು ಕೇಳಿದ್ದೇವೆ, ಇಲ್ಲಿ ದೀಪದ ಮಾಲೀಕನ ತಲೆಯ ಮೇಲೇ ಕತ್ತಲು ಸುರಿದಿತ್ತು. ಆದರೂ ವೆಂಡೆಲ್ ಬಗ್ಗುವ ಆಳಲ್ಲ. ಪೆಟ್ಟಿಗೆಯನ್ನು ಎದೆಗವಚಿಕೊಂಡೇ, ಬಾಯಿಪಾಠವಾಗಿದ್ದ ನಿರ್ಣಯವನ್ನು ಕಂಚಿನ ಕಂಠದಲ್ಲಿ ಒದರಿದ. ಕಾನೂನಿನ ಬಲ್ಬುಗಳನ್ನು ಹೊತ್ತು ಕಾನೂನಿನ ವಿರುದ್ಧ ಗುಡುಗಿದ ಗಂಡಸು ಆ ಜಿಲ್ಲೆಯಲ್ಲಿ ಹಿಂದೆ ಯಾರೂ ಇರಲಿಲ್ಲ.

ನೀಲಿ ಚೀಟಿಗಳು ಮೇಲೆದ್ದವು. ಹಾರ್ಲನ್ ಎಣಿಸಿದ. ಮತ್ತೆ ಎಣಿಸಿದ. "ಪರ ಎಪ್ಪತ್ನಾಲ್ಕು, ವಿರುದ್ಧ ಎಪ್ಪತ್ನಾಲ್ಕು. ಸಮ ಬಂದ್ರೆ ನಿರ್ಣಯ ಬಿದ್ದ ಹಾಗೆ. ಇನ್ನೂ ಚೀಟಿ ಎತ್ತದೇ ಇರೋರು ಯಾರಾದ್ರೂ ಇದ್ದೀರಾ?"

ವೆಂಡೆಲ್‌ಗೆ ಆಗ ಹೊಳೆಯಿತು. ತನ್ನದೇ ಓಟು ಬಿದ್ದಿಲ್ಲ! "ಆರ್ಲಿಸ್! ಚೀಟಿ! ಚೀಟಿ ಎತ್ತೇ!"

ಆರ್ಲಿಸ್ ನಿಧಾನವಾಗಿ ಕೈಚೀಲ ತೆರೆದಳು. ಚೀಟಿ ತೆಗೆದಳು. ಗಲ್ಲದವರೆಗೆ ಎತ್ತಿ, ಅಲ್ಲಿಗೇ ನಿಲ್ಲಿಸಿದಳು.

"ನನ್ನ ಕಪಾಟು?" ಎಂದಳು.

ಜನರೆಲ್ಲ ಕತ್ತು ಹೊರಳಿಸಿ ಅವಳತ್ತ ನೋಡಿದರು.

"ಇದು ರಾಷ್ಟ್ರದ ವಿಷಯ ಕಣೇ! ಕಪಾಟಿನ ವಿಷಯ ಮನೇಲಿ ಮಾತಾಡೋಣ!"

"ಮನೇಲಿ ಕತ್ತಲು, ನಿನ್ನ ಮುಖ ಕಾಣಲ್ಲ. ಇಲ್ಲೇ ಹೇಳು. ನೀನೇ ಈಗ ಓದಿದ್ಯಲ್ಲ, ಮನೆಯೊಳಗೆ ಯಾವ ವಸ್ತು ಎಲ್ಲಿರಬೇಕು ಅಂತ ದುಡಿಯೋರೇ ತೀರ್ಮಾನಿಸಬೇಕು ಅಂತ. ಆ ಜಾಡಿ ತುಂಬಿದ್ದು ಯಾರು? ಒಡೆದ ಗಾಜು ಬಳಿದಿದ್ದು ಯಾರು? ನನ್ನನ್ನ ಕೇಳಿ ಕೈಹಾಕಿದ್ಯಾ?"

ಕಪಾಟು ವಾಪಸ್ ಕೊಡಲು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಒಂದೇ ಒಂದು ಹೂಂ! ಆದರೆ ನೂರೈವತ್ತು ಮನೆಯವರು ನೋಡುತ್ತಿರುವಾಗ, ಎಂಥ ಸರ್ಕಾರಕ್ಕೂ ತಲೆಬಾಗದವನು ಹೆಂಡತಿಯ ಕಪಾಟಿಗೆ ತಲೆಬಾಗುವುದೇ? ವೆಂಡೆಲ್ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡು ಸೂರು ನೋಡಿದ.

"ಹೊತ್ತಾಯ್ತು," ಎಂದ ಹಾರ್ಲನ್. "ನಿರ್ಣಯ ಬಿತ್ತು. ಸಿಹಿ ಹಂಚಿ."

ಪಿಕಪ್ಪಿನಲ್ಲಿ ಮನೆಗೆ ಹೊರಟರು. ಅಂಗಳಕ್ಕೆ ಬಂದ ಮೇಲೆ ವೆಂಡೆಲ್ ಸ್ಫೋಟಿಸಿದ. "ಬಹುಮಾನದ ವಿಷಯ ನಿನಗೆ ಮುಂಚೆನೇ ಗೊತ್ತಿತ್ತಾ?"

"ಫೆಬ್ರವರೀಲೇ ಕಾಗದ ಬಂದಿತ್ತು," ಎಂದಳು ಆರ್ಲಿಸ್. "ಓದಿ ಹೇಳೋಣ ಅಂದ್ರೆ ದೀಪ ಎಲ್ಲಿತ್ತು?"

ಒಳಗೆ ಹೋಗಿ, ಕುರ್ಚಿ ಹತ್ತಿ, ಊಟದ ಮೇಜಿನ ಮೇಲಿನ ಬಲ್ಬು ಬಿಚ್ಚಿ ಬಹುಮಾನದ್ದೊಂದನ್ನು ತಿರುಗಿಸಿದಳು. ಸ್ವಿಚ್ಚು ಹಾಕಿದಳು. ನಾಲ್ಕು ತಿಂಗಳ ಮೇಲೆ ವೆಂಡೆಲ್‌ಗೆ ಹೆಂಡತಿಯ ಮುಖ ಸರಿಯಾಗಿ ಕಂಡಿತು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅದನ್ನು ನೋಡಿ ಅವನಿಗೆ ಪಿಚ್ಚೆನ್ನಿಸಿತು. ಪಿಚ್ಚೆನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಪತ್ರಿಕೆಗೆ ಬರೀತೀನಿ!" ಎಂದು ಕಾಗದ ಎಳೆದುಕೊಂಡು ಕೂತ. "ಈ ಸರ್ಕಾರಿ ಬಲ್ಬಿನ ಬಂಡವಾಳ ಬಯಲು ಮಾಡ್ತೀನಿ. ಆರು ತಿಂಗಳಿಗೆ ಸುಟ್ಟುಹೋಗೋ ಮಾಲು! ಕೊಡು ಆ ಡಬ್ಬಿ, ಏನು ಬರ್ಕೊಂಡಿದ್ದಾರೆ ನೋಡೋಣ."

ಡಬ್ಬಿಯ ಮೇಲಿನ ಸಣ್ಣ ಅಕ್ಷರ ಕನ್ನಡಕವಿಲ್ಲದೆಯೂ ಚೆನ್ನಾಗಿ ಕಾಣುತ್ತಿತ್ತು. ಅನ್ಯಾಯ ನೋಡಿ! ದಿನಕ್ಕೆ ಮೂರು ಗಂಟೆಯಂತೆ ಉರಿಸಿದರೆ ಬಾಳಿಕೆ ಇಪ್ಪತ್ತೆರಡು ವರ್ಷ ಎಂದಿತ್ತು. ವೆಂಡೆಲ್ ಇನ್ನೊಮ್ಮೆ ಓದಿದ. ಕಾಗದದ ಮೂಲೆಯಲ್ಲಿ ಅರವತ್ತೆಂಟು ಬರೆದು, ಕೆಳಗೆ ಇಪ್ಪತ್ತೆರಡು ಬರೆದು, ಗೆರೆ ಎಳೆದು, ಪೆನ್ಸಿಲು ಹಾಗೇ ಹಿಡಿದು ಕೂತ.

ಆರ್ಲಿಸ್ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ತೊಂಬತ್ತು," ಎಂದಳು. "ನಿನ್ನ ಲೆಕ್ಕ ಸರಿಯಾಗೇ ಇತ್ತು ವೆಂಡೆಲ್. ಹದಿಮೂರು ದೀಪಕ್ಕೆ ಇಂಥವು ಹದಿಮೂರು ಸಾಕಿತ್ತು, ಬಲ್ಬು ಮಾತ್ರ ಒಂದು ನಾನೂರ ಮೂರು ಜಾಸ್ತಿ ಆಯ್ತು, ಅಷ್ಟೇ. ಏಳು, ಕಪಾಟು ಖಾಲಿ ಮಾಡು."

ಅವಳು ಉಳಿದ ಜಾಡಿಗಳನ್ನು ತರಲು ಗಾಡಿಮನೆಯತ್ತ ಹೋದಳು. ವೆಂಡೆಲ್ ಎದ್ದ. ನೆಲಮಾಳಿಗೆಯ ಬಾಗಿಲ ತನಕ ಹೋದವನು ಅಭ್ಯಾಸ ತಡೆಯಲಾರದೆ ವಾಪಸ್ ಬಂದು ಸ್ವಿಚ್ಚಿನ ಮೇಲೆ ಕೈಯಿಟ್ಟ.

"ಉರೀಲಿ ಬಿಡೋ," ಎಂದು ಹಿತ್ತಲ ಬಾಗಿಲಿಂದ ಆರ್ಲಿಸ್ ಕೂಗಿದಳು. "ಇನ್ನೂ ಇಪ್ಪತ್ತೆರಡು ವರ್ಷ ಇದೆ."